ಒಂದೇ ಮಾಡಿನಡಿಯ ಎರಡು ಮನೆ

ಭೂಮಿಯ ದಕ್ಷಿಣ ತುದಿಯ, ಜೂನ್-ಜುಲೈಗೆ ಚಳಿಗಾಲ ಬರುವ ಕೊಯಾಯ್ಕೆ ಊರಿನಲ್ಲಿ ಅಪ್ಪ ಒಂದೇ ತಗಡಿನ ಮಾಡಿನಡಿ ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಮನೆ ಕಟ್ಟಿಕೊಟ್ಟಿದ್ದ. ನಡುವೆ ಬರೀ ಹಲಗೆಯ ಗೋಡೆ. ಆದರೂ ಅಕ್ಕ ಓರ್ಫೆಲಿನಾ, ತಂಗಿ ಎಡುವಿನಾ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಅಮ್ಮ ಯಾರ ಮನೆಯಲ್ಲಿರಬೇಕು ಎಂಬುದರಿಂದ ಜಗಳ ಶುರುವಾದದ್ದು. ಅಮ್ಮ ಅಕ್ಕನ ಮನೆಯಲ್ಲೇ ಉಳಿದಳು. ಸಿಟ್ಟಿನ ಭರದಲ್ಲಿ ಓರ್ಫೆಲಿನಾ ತಂಗಿಗೆ, ನನ್ನ ಮನೆಗೆ ಕಾಲಿಡಬೇಡ ಎಂದುಬಿಟ್ಟಳು. ಆ ಜುಲೈ ಚಳಿಗೆ ಅಮ್ಮನ ಎದೆಯಲ್ಲಿ ಕಫ ಕಟ್ಟಿತು. ಮೂರು ವಾರ ಓರ್ಫೆಲಿನಾ ಒಲೆಗೆ ಸೌದೆ ತುರುಕಿದ್ದೇ ಬಂತು, ಅಮ್ಮ ಉಳಿಯಲಿಲ್ಲ. ಮಣ್ಣು ಮಾಡಿದ ದಿನ ಎಲ್ಲರೆದುರೂ ಅವಳು ತಂಗಿಯನ್ನು ಕೇಳಿದಳು: “ಗೋಡೆ ಆಚೆಗೇ ಇದ್ಯಲ್ಲ, ಅಮ್ಮಂಗೆ ಚಳಿ ಆಗ್ತಿದ್ಯಾ ಅಂತ ಒಂದಿನ ವಿಚಾರಿಸಿದ್ಯಾ?” ಎಡುವಿನಾ ತಲೆತಗ್ಗಿಸಿ ಹೊರಟುಹೋದಳು.

ಈಗ ಓರ್ಫೆಲಿನಾಳಿಗೆ ಎಪ್ಪತ್ತೊಂದು. ಸೌದೆ ಒಡೆಯಲು ತೋಳಿನಲ್ಲಿ ತ್ರಾಣವಿಲ್ಲ, ಹೊಗೆಗೆ ಕಣ್ಣು ಉರಿಯುತ್ತದೆ. ಒಲೆ ಎಷ್ಟು ಉರಿಸಿದರೂ ಬಿಸಿಯೆಲ್ಲ ಮಾಡಿನಿಂದ ಸೋರಿಹೋಗುತ್ತಿತ್ತು. ಅಟ್ಟಕ್ಕೆ ಬಿಸಿ ತಡೆಯುವ ಗಾಜಿನೆಳೆಯ ಉಣ್ಣೆ ಹಾಸಿದರೆ ಅರ್ಧ ಸೌದೆ ಸಾಕೆಂದು ಯಾರೋ ಹೇಳಿದರು. ಏಪ್ರಿಲ್‌ನಲ್ಲಿ ಆ ಕೆಲಸದ ಕುಸ್ತೋದಿಯೊ ಬಂದು ಅಟ್ಟ ಹತ್ತಿದ. ಎಷ್ಟೋ ಹೊತ್ತಿನ ಮೇಲೆ ಇಳಿದಾಗ ಅವನ ಕೈಯಲ್ಲಿ ಧೂಳು ಹಿಡಿದ ಕುರಿತುಪ್ಪಟವಿತ್ತು.

“ಮೂಲೆ ಕೋಣೆ ಮೇಲೆ ಮಾತ್ರ ಯಾರೋ ಇದನ್ನ ಹಾಸಿದಾರಮ್ಮ. ಒಂದು ಬೆರಳು ಸಂದಿ ಬಿಟ್ಟಿಲ್ಲ. ಅಟ್ಟದಲ್ಲಿ ನಡುಗೋಡೆ ಇಲ್ವಲ್ಲ, ಪಕ್ಕದ ಮನೆಯಿಂದ ಹಲಗೆ ಇಟ್ಕೊಂಡು ತೆವಳಿ ಬಂದಿದಾರೆ.”

ಮೂಲೆ ಕೋಣೆ ಅಮ್ಮನದು. ತುಪ್ಪಟದ ಜೊತೆ ಅಲ್ಲೇ ಹಾಸಿದ್ದ, ತಲೆ ತೂರಿಸಿ ಹೊದೆಯುವ ಒಂದು ಕಂದು ಉಣ್ಣೆಯ ಪೊಂಚೊವನ್ನೂ ಅವನು ತಂದಿದ್ದ. ಅದು ಎಡುವಿನಾಳ ಗಂಡನದು. ಅವನು ಸತ್ತ ಮೇಲೆ ಅವಳು ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಓರ್ಫೆಲಿನಾ ಕುರ್ಚಿ ಹುಡುಕಿ ಕೂತಳು. ಕುಸ್ತೋದಿಯೊ ಮಾತ್ರ ತನ್ನ ಕೆಲಸದ ಮಾತು ಮುಂದುವರಿಸಿದ: ಪಕ್ಕದ ಮನೆಯ ಮೇಲಿನ ಅರ್ಧ ಹಾಗೇ ಬಿಟ್ಟರೆ ಅಲ್ಲಿನ ಚಳಿ ಇಲ್ಲಿಗೂ ನುಗ್ಗುತ್ತದೆ, ಹಾಸಿದರೆ ಎರಡೂ ಕಡೆ ಹಾಸಬೇಕು, ಅವರನ್ನೂ ಒಂದು ಮಾತು ಕೇಳಿ.

ಓರ್ಫೆಲಿನಾ ಪೊಂಚೊ ಹಿಡಿದುಕೊಂಡೇ ಪಕ್ಕದ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಎಡುವಿನಾಳ ಕಣ್ಣು ನೇರ ಪೊಂಚೊದ ಮೇಲೆ ಬಿತ್ತು.

“ಅಮ್ಮ ಕೆಮ್ಮೋದು ಕೇಳಿಸ್ತಿತ್ತು,” ಎಂದಳು ಅವಳು. “ಬಾಗಿಲಿಂದ ಬರೋ ಹಾಗಿರ್ಲಿಲ್ಲ. ಮೇಲಿಂದ ಬಂದೆ.”

“ಮಣ್ಣು ಮಾಡಿದ ದಿನ ನಾನು ಅಷ್ಟು ಅಂದಾಗ್ಲಾದ್ರೂ ಹೇಳ್ಬಾರ್ದಿತ್ತೇನೇ?”

“ಹೇಳಿ ಏನ್ಮಾಡೋದು? ಅಮ್ಮ ಉಳೀಲಿಲ್ವಲ್ಲ.”

ಓರ್ಫೆಲಿನಾ ಪೊಂಚೊವನ್ನು ತಂಗಿಯ ಕೈಗಿಟ್ಟು ತಪ್ಪಾಯಿತು ಎಂದಳು. ಎಡುವಿನಾ ಪಕ್ಕಕ್ಕೆ ಸರಿದು ಅಕ್ಕನಿಗೆ ದಾರಿ ಬಿಟ್ಟಳು. ಒಲೆಯ ಮೇಲೆ ನೀರಿಟ್ಟು, ಒಂದೇ ಸೋರೆಬುರುಡೆಯಲ್ಲಿ ಮಾಟೆ ಎಲೆಯ ಕಷಾಯ ಮಾಡಿ, ಸರದಿಯಂತೆ ಇಬ್ಬರೂ ಹೀರಿದರು. ಅಟ್ಟದ ವಿಷಯ ಓರ್ಫೆಲಿನಾಳಿಗೆ ನೆನಪಾದದ್ದೇ ಹೊರಡುವಾಗ.

ಕುಸ್ತೋದಿಯೊ ನಾಲ್ಕು ದಿನದಲ್ಲಿ ಎರಡೂ ಕಡೆ ಹಾಸಿ ಮುಗಿಸಿದ. ಹಳೆಯ ತುಪ್ಪಟ ಹುಳ ತಿಂದು ಪುಡಿಯಾಗಿತ್ತು. ಅಕ್ಕತಂಗಿಯರೇ ಅದನ್ನು ಚೀಲಕ್ಕೆ ತುಂಬಿ ಕೊಟ್ಟರು. ಜೂನ್‌ನಲ್ಲಿ ಮೊದಲ ಹಿಮ ಬಿದ್ದಾಗ ಒಳಗಿನ ಬಿಸಿ ಸೋರದ್ದರಿಂದ ಅದು ಎಂದಿನಂತೆ ಅಲ್ಲಲ್ಲಿ ಕರಗಿ ಸುರಿಯಲಿಲ್ಲ, ಮಾಡಿನುದ್ದಕ್ಕೂ ಒಂದೇ ಸಮ ನಿಂತಿತು. ಮನೆಯೊಳಗೆ ಬೆಚ್ಚಗಿತ್ತು. ಆ ಭಾನುವಾರ ಇಬ್ಬರೂ ಅಮ್ಮನ ಗೋರಿಗೆ ಹೋದರು. ದಾರಿ ಜಾರುತ್ತಿತ್ತು, ಎಡುವಿನಾ ಅಕ್ಕನ ತೋಳು ಹಿಡಿದುಕೊಂಡೇ ನಡೆದಳು.