ನರೇಶನ ಹೆಸರಿನ ತಟ್ಟೆ

ಜಿಗಣಿಯ ರಾಮಮ್ಮ, ಎಸ್‌ಟಿಡಿ ಬೂತ್ ಪಕ್ಕದ ಪಾತ್ರೆ ಅಂಗಡಿಯಲ್ಲಿ ಹೊಸ ಸ್ಟೀಲ್ ತಟ್ಟೆ, ಲೋಟ ಕೊಂಡು ಮಗನ ಹೆಸರು ಕೆತ್ತಿಸಿದರು.

"ಏನಮ್ಮಾ, ಮಗನ ಮದ್ವೆನಾ?" ಎಂದ ಅಂಗಡಿಯವನು. ರಾಮಮ್ಮ ದುಡ್ಡು ಎಣಿಸಿಕೊಟ್ಟು ಹೊರಟರು.

ಕಲ್ಲು ಪಾಲಿಶ್ ಕೆಲಸ ಮಾಡುವ ಮಗ ನರೇಶನಿಗೆ ಎಚ್‌ಐವಿ ಇದೆಯೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅಕ್ಕಪಕ್ಕದವರಿಗೆ ತಾಯಿ ಕಾಮಾಲೆ ಎಂದಿದ್ದರು. ಮನೆಯಲ್ಲಿ ಬೇರೆ ತಟ್ಟೆ ಕಂಡ ನರೇಶ ನಾಚಿಕೆಯಿಂದ ಕುಗ್ಗಿಹೋದ. ಮನೆಯ ಊಟವನ್ನೇ ಬಿಟ್ಟು, ಬನ್ನು ಟೀಯಲ್ಲಿ ದಿನ ತಳ್ಳುತ್ತ ಸೊರಗಿದ. ರೋಗ ಅಂಟೀತೆಂದೂ ಊರ ಬಾಯಿಗೂ ಹೆದರಿ ಮಗನ ಬಾಯಿಗೆ ಅನ್ನ ತಪ್ಪಿಸಿದ ತಾಯಿಗೆ ಏನನ್ನೋಣ!

ಆಸ್ಪತ್ರೆಯಲ್ಲಿ ನರೇಶನಿಗೆ ಪರಿಚಯವಾಗಿದ್ದ ಶಶಿಕಲಾ ಒಂದು ಭಾನುವಾರ ಮನೆಗೆ ಬಂದರು. ರಾಮಮ್ಮ ಕಾಫಿ ಕೊಟ್ಟು, ಯಾರೂ ನೋಡದಂತೆ ಬಾಗಿಲು ಮುಂದಕ್ಕೆಳೆದರು.

"ಅಮ್ಮ, ಎಚ್‌ಐವಿ ಇರೋರು ನಾವೇ ಸೇರ್ಕೊಂಡು ಒಂದು ಸಂಘ ಮಾಡ್ಕೊಂಡಿದ್ದೀವಿ. ನರೇಶನ್ನ ಕರ್ಕೊಂಡು ನೀವೂ ಬನ್ನಿ."

"ನಿನಗೂ ಐತಾ?"

"ಇದೆ. ನಮ್ಮೆಜಮಾನ್ರಿಂದ ಬಂತು."

ರಾಮಮ್ಮನ ಕಣ್ಣು ತಟಕ್ಕನೆ ಆಕೆಯ ಕೈಲಿದ್ದ ಲೋಟದ ಮೇಲೆ ಬಿತ್ತು. ಶಶಿಕಲಾ ನಕ್ಕರು.

"ಲೋಟ ತಟ್ಟೆಯಿಂದ ಬರಲ್ಲಮ್ಮ. ಜೊತೇಲಿ ಉಂಡ್ರೂ ಬರಲ್ಲ, ಮುಟ್ಟಿದ್ರೂ ಬರಲ್ಲ. ಸೋಂಕಿರೋರ ಜೊತೆ ಕಾಂಡೋಮ್ ಇಲ್ದೆ ಕೂಡಿದ್ರೆ ಬರುತ್ತೆ. ಸೋಂಕಿರೋ ರಕ್ತ, ಸೂಜಿಯಿಂದ ಬರುತ್ತೆ. ತಾಯಿಯಿಂದ ಮಗೂಗೂ ಬರಬೋದು."

"ಆಸ್ಪತ್ರೇಲೂ ಇಂಗೇ ಅಂದ್ರು. ನಾನೇ ನಂಬ್ಲಿಲ್ಲ. ಸಂಘದಾಗೆ ವಾಸಿ ಮಾಡ್ತಾರಾ?"

"ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ. ಇದೆ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ. ಆದ್ರೆ ಕೆಮ್ಮು, ಜ್ವರ ಬಂದ್ರೆ ಎಲ್ಲಿಗೆ ಹೋಗ್ಬೇಕು, ಏನು ತಿನ್ಬೇಕು ಅಂತ ಒಬ್ರಿಗೊಬ್ರು ಹೇಳ್ಕೋತೀವಿ. ಅಳು ಬಂದ್ರೆ ಅಳ್ತೀವಿ. ಅಲ್ಲಿ ಆಡಿದ ಮಾತು ಆಚೆ ಹೋಗಲ್ಲ."

ಮುಂದಿನ ಸಭೆಗೆ ತಾಯಿ ಮಗ ಬಸ್ಸಿನಲ್ಲಿ ಹೋದರು. ರಾಮಮ್ಮ ಸೆರಗು ಮುಖಕ್ಕೆಳೆದುಕೊಂಡು ಬಾಗಿಲ ಹತ್ತಿರ ಕೂತರು. "ಯಾರ ಜೊತೆ ಬಂದ್ರಿ ತಾಯಿ?" ಎಂದು ಒಬ್ಬ ಹಿರಿಯರು ಕೇಳಿದರು.

"ಪಕ್ಕದ್ಮನೆ ಹುಡ್ಗ. ಜೊತೆಗೆ ಬಂದೆ ಅಷ್ಟೇ."

ನರೇಶ ತಲೆ ತಗ್ಗಿಸಿದ. ಶಶಿಕಲಾಗೆ ನಿಜ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಆಕೆ ಬೈದಿದ್ದರೆ ರಾಮಮ್ಮ ತಡೆದುಕೊಳ್ಳುತ್ತಿದ್ದರೇನೋ. ಮಗನ ತಗ್ಗಿದ ತಲೆ ಕಂಡು ಅವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೆರಗು ಸರಿಸಿ ಮಗನ ಕೈ ಹಿಡಿದರು.

"ಸುಳ್ಳೇಳ್ದೆ ಕಣ್ರಪ್ಪ. ಇವ್ನು ನಾನೆತ್ತ ಮಗ."

ಆ ಮಧ್ಯಾಹ್ನ ಸಂಘದ ಊಟದಲ್ಲಿ ನರೇಶ ತಾಯಿಯ ಪಕ್ಕದಲ್ಲಿ ಕೂತು ಹೊಟ್ಟೆ ತುಂಬ ಉಂಡ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಬೇರೆ ಕೂತು ಉಣ್ಣುತ್ತಿದ್ದಾರೆಯೇ? ಇವತ್ತೇ ಪಕ್ಕಕ್ಕೆ ಕರೆಯಿರಿ. ಇಂಥ ಸಂಘ ಎಲ್ಲಿದೆಯೆಂದು ಆಸ್ಪತ್ರೆಯಲ್ಲಿ ಕೇಳಿ, ಅವರ ಜೊತೆ ನೀವೂ ಹೋಗಿ. ಇವರು ಯಾರು ಎಂದು ಯಾರಾದರೂ ಕೇಳಿದರೆ, ನಮ್ಮವರು ಎನ್ನಿ.