ವೀಲ್‌ಚೇರಿಗೊಂದು ಬಾಗಿಲು

ಅರವತ್ತು ವರ್ಷದ ವಿಮಾನಕ್ಕೆ ಹೊಸ ಬಾಗಿಲು ಬೇಕೆಂದು ಮಿಸ್ಟರ್ ಕೋ ಕೇಳಿದಾಗ ಸಿಂಗಪುರದ ಸೆಲೆತಾರ್ ವಿಮಾನ ನಿಲ್ದಾಣದ ರಿಪೇರಿ ಹ್ಯಾಂಗರ್‌ನಲ್ಲಿ ಎಲ್ಲರೂ ನಕ್ಕಿದ್ದರು. ನಗದವನು ಮೆಕ್ಯಾನಿಕ್ ಪ್ರಭುದೇವ ಒಬ್ಬನೇ. ಅದು ಎರಡೇ ಸೀಟಿನ, 1947ರಲ್ಲಿ ಹುಟ್ಟಿದ ಪುಟ್ಟ ಲೋಹದ ವಿಮಾನ. ಸಾಮಾನಿಡುವ ಜಾಗ ಸೀಟಿನ ಬೆನ್ನಿಗಿತ್ತು. ಅಲ್ಲಿ ಏನಿಡಬೇಕಾದರೂ ಸೀಟು ಬಗ್ಗಿಸಿ ಮೇಲಿನಿಂದ ತುರುಕಬೇಕು. ಮಿಸೆಸ್ ಕೋಗೆ ಲಕ್ವ ಹೊಡೆದು ಎಡಗಾಲು ಬಿದ್ದುಹೋಗಿತ್ತು. ಮಡಿಸಿದ ವೀಲ್‌ಚೇರ್ ಏನು ಮಾಡಿದರೂ ಒಳಗೆ ಹೋಗುತ್ತಿರಲಿಲ್ಲ. "ಕುರ್ಚಿ ಬರದಿದ್ದರೆ ಅವಳೂ ಬರಲ್ಲ, ಅವಳು ಬರದಿದ್ದರೆ ನನಗೆ ವಿಮಾನ ಯಾಕೆ?" ಎಂದಿದ್ದರು ಮುದುಕರು. ಇಷ್ಟು ನೇರವಾದ ಕಾರಣ ಕೇಳಿದ ಮೇಲೆ ಪ್ರಭುದೇವನಿಗೆ ಇಲ್ಲ ಅನ್ನಲಾಗಲಿಲ್ಲ.

ಬೈಲಹೊಂಗಲದ ಈ ಮನುಷ್ಯ ವಾಯುಸೇನೆಯಲ್ಲಿ ಹದಿನೈದು ವರ್ಷ ದುಡಿದು ಸಿಂಗಪುರಕ್ಕೆ ಬಂದವನು. ಕೈ ಬಲು ಚೊಕ್ಕ. ನಕ್ಷೆಗೆ ಮಂಜೂರಾತಿ ಬಂದ ಮೇಲೆ ಆರು ವಾರ ಕೂತು ವಿಮಾನದ ಪಕ್ಕೆ ಕೊರೆದ, ಕೊರೆದ ಅಂಚಿಗೆ ಚೌಕಟ್ಟು ಕೊಟ್ಟ, ಒಂದೊಂದೇ ರಿವೆಟ್ ಹೊಡೆದ. ರಿವೆಟ್ ಹೊಡೆಯುವಾಗ ಒಳಗಿನಿಂದ ಒಂದು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಅಂಗೈಯಷ್ಟು ಅಗಲ, ಒಂದು ಕಿಲೋ ತೂಕ. ಅದಕ್ಕೆ ಹ್ಯಾಂಗರ್‌ನಲ್ಲಿ ಎಲ್ಲರೂ ಬಾರ್ ಅನ್ನುತ್ತಿದ್ದರು.

ಆ ಹ್ಯಾಂಗರ್‌ನ ಗೋಡೆಯ ಮೇಲೊಂದು ಹಲಗೆ. ಅದರ ಮೇಲೆ ಪ್ರತಿ ಸಲಕರಣೆಯ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿತ್ತು. ಕೆಲಸ ಮುಗಿದಾಗ ಒಂದೇ ಒಂದು ಕಪ್ಪು ಗುರುತು ಬರಿದಾಗಿ ಕಂಡರೂ ವಿಮಾನ ಹೊರಗೆ ಹೋಗಕೂಡದು. ಇದು ವೇದವಾಕ್ಯ. ವರ್ಷದಲ್ಲಿ ಒಂದು ದಿನ ಮಾತ್ರ ಇನ್ನೊಂದು ವೇದ ಅಡ್ಡ ಬರುತ್ತಿತ್ತು, ಅದು ಆಯುಧಪೂಜೆ.

2007ರಲ್ಲಿ ಆಯುಧಪೂಜೆ ಶನಿವಾರ ಬಿತ್ತು. ಪ್ರತಿ ವರ್ಷ ನಾಲ್ಕೈದು ಹಳೆಯ ಸ್ಪ್ಯಾನರ್ ಇಟ್ಟು ಕೈಮುಗಿಯುವುದು ವಾಡಿಕೆ. ಈ ಸಲ ಪ್ರಭುದೇವನಿಗೆ ಹುರುಪು ಜಾಸ್ತಿ. ಬಾಗಿಲು ತನ್ನ ಕೈಯದು, ದುಡಿದ ಸಲಕರಣೆಗಳೆಲ್ಲ ದೇವಿಯ ಮುಂದೆ ಕೂರಲಿ ಅಂದುಕೊಂಡ. ಬೆಳಿಗ್ಗೆ ಚಿಲಕದ ಹತ್ತಿರ ಸಡಿಲಾಗಿದ್ದ ನಾಲ್ಕು ರಿವೆಟ್ ಬದಲಾಯಿಸಿದ. ಹೊರಗೆ ಹೆಂಡತಿ ಸುರೇಖಾ ಹೂವಿನ ಬುಟ್ಟಿ ಹಿಡಿದು, "ಏನ್ರಿ, ಹೊತ್ತಾತು, ಬರ್ರಿ" ಎಂದು ಕರೆಯುತ್ತಿದ್ದಳು. ಹಲಗೆಯ ಮೇಲಿದ್ದದ್ದನ್ನೆಲ್ಲ ತೋಳ್ತುಂಬ ಬಾಚಿ ತಂದು, ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನಡಿ ಮುಚ್ಚಿದ. ವಿಮಾನದ ಮೂಗಿಗೂ ಹಾರ ಬಿತ್ತು. ಮಿಸೆಸ್ ಕೋ ಕುರ್ಚಿಯಲ್ಲಿ ಕೂತು ಕೊಬ್ಬರಿಚೂರು ತಿಂದು ಇನ್ನೊಂದು ಕೇಳಿದರು.

ಊಟದ ಹೊತ್ತಿಗೆ ತಪಾಸಣೆಯ ಮಹಾಬಲೇಶ್ವರ ಬಂದರು. ಕುಮಟಾ ಕಡೆಯವರು, ಹ್ಯಾಂಗರ್‌ಗೆಲ್ಲ ಹಿರಿಯರು. ಕನ್ನಡಿ, ಟಾರ್ಚ್ ಹಿಡಿದು ಹೊಸ ಬಾಗಿಲೊಳಗೆ ಇಣುಕಿದರು. ಬಾಲದ ಚಕ್ರದ ಮೇಲೆ ಕೂರುವ ವಿಮಾನ ನೋಡಿ, ನಿಂತಾಗ ಮೂಗು ಮೇಲೆ, ಬಾಲ ಕೆಳಗೆ. ಒಳಗೆ ಏನೇ ಬಿದ್ದರೂ ಟಾರ್ಚಿನ ಬೆಳಕು ಮುಟ್ಟದ ಬಾಲದ ಮೂಲೆಗೆ ಜಾರಿಬಿಡುತ್ತದೆ.

"ಟೂಲ್ಸ್ ಎಲ್ಲಾ ಚೆಕ್ ಆಯ್ತಾ ಪ್ರಭು?"

"ಎಲ್ಲಾ ದೇವರ ಮುಂದೆ ಇವೆ ಸರ್."

"ಎಣಿಸಿದ್ಯಾ?"

"ಪೂಜೆಗೆ ಇಟ್ಟಿದ್ದನ್ನ ಇವತ್ತು ಹೇಗೆ ಮುಟ್ಟೋದು ಸರ್? ನಾಳೆ ಬೆಳಿಗ್ಗೆ ತೆಗೀತೀನಲ್ಲ, ಆಗ ಎಣಿಸ್ತೀನಿ."

ಮಹಾಬಲೇಶ್ವರ ಬರಿದಾದ ಹಲಗೆ ನೋಡಿದರು, ಹೂವಿನ ರಾಶಿ ನೋಡಿದರು. ತಾವೂ ಅದೇ ಸಂಪ್ರದಾಯದವರು. ಸಹಿ ಹಾಕಿದರು.

ಭಾನುವಾರ ಒಂಬತ್ತಕ್ಕೆ ಕೋ ದಂಪತಿ ಮಲೇಷ್ಯಾದ ಮಲಾಕ್ಕಾಗೆ ಹೊರಟರು. ಪ್ರಭುದೇವ ಕೈಬೀಸಿ ಒಳಗೆ ಬಂದು, ಹೂ ಸರಿಸಿ, ಕುಂಕುಮ ಒರೆಸಿ, ಒಂದೊಂದನ್ನೇ ಹಲಗೆಗೆ ಏರಿಸತೊಡಗಿದ. ಒಂಬತ್ತು ಹತ್ತಕ್ಕೆ ಅವನ ಕೈ ಖಾಲಿಯಾಯಿತು. ಹಲಗೆಯ ಮೇಲೆ ಬಾರ್‌ನ ಗುರುತು ಖಾಲಿ ಉಳಿದಿತ್ತು.

ಆ ಗಟ್ಟಿ ಬಾಲದಲ್ಲಿದ್ದರೆ, ವಿಮಾನವನ್ನು ಏರಿಸಿ ಇಳಿಸುವ ತಂತಿಗಳ ನಡುವೆ ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕಂಟ್ರೋಲ್ ಟವರ್‌ನ ನಂಬರು ಗೋಡೆಯ ಮೇಲೇ ಇತ್ತು. ಅವನು ಹೂವಿನ ರಾಶಿಗೆ ಕೈಹಾಕಿದ. ಕಸದ ಡ್ರಮ್ ಬೋರಲು ಹಾಕಿದ. ಆಮೇಲೆ ಟ್ಯಾಂಪಿನೀಸ್‌ನ ಮನೆಗೆ ಫೋನ್ ಮಾಡಿದ.

"ಮನಿಗೆ ಬಂದಿದ್ದು ಹೂವಿನ ಬುಟ್ಟಿ ಒಂದ," ಎಂದಳು ಸುರೇಖಾ. "ಯಾಕ್ರೀ, ಆ ವಿಮಾನದಾಗ ಉಳದೈತೇನು? ಮದಲ ಅವರಿಗೆ ಹೇಳ್ರಿ. ನನ್ನ ಜೋಡಿ ಏನ್ ಮಾತು?"

ಹೆಂಡತಿಯ ಮಾತು ಕೇಳಿದ್ದರೆ ಈ ಕತೆ ಇರುತ್ತಿರಲಿಲ್ಲ. ಅವನು ಮಹಾಬಲೇಶ್ವರರಿಗೆ ಫೋನ್ ಹಚ್ಚಿದ.

"ತಡಿ, ಗಾಬರಿ ಆಗ್ಬೇಡ," ಎಂದರು ಅವರು. "ಟವರ್‌ಗೆ ಹೇಳಿದ್ಮೇಲೆ ಅದು ಯಾವ್ದೋ ಡ್ರಾಯರ್‌ನಲ್ಲಿ ಸಿಕ್ರೆ? ನಿನ್ನ ಲೈಸೆನ್ಸೂ ಹೋಗತ್ತೆ, ನಂದೂ ಹೋಗತ್ತೆ. ಇನ್ನೊಂದ್ಸಲ ಸರಿಯಾಗಿ ಹುಡುಕು. ಹೇಗೂ ಒಂದು ಗಂಟೇಲಿ ಲ್ಯಾಂಡ್ ಆಗ್ತಾರೆ."

ಪ್ರಭುದೇವ ಮತ್ತೆ ಹುಡುಕಿದ. ಇಲ್ಲಿಲ್ಲವೆಂದು ಗೊತ್ತಿದ್ದೇ ಹುಡುಕಿದ. ಡ್ರಾಯರ್ ಎಳೆದ, ಬೆಂಚಿನಡಿ ಮಲಗಿ ನೋಡಿದ, ನೋಡಿದ್ದನ್ನೇ ಮೂರು ಸಲ ನೋಡಿದ. ಹುಡುಕುತ್ತಿರುವಷ್ಟು ಹೊತ್ತು ಅದು ಕಳೆದಿಲ್ಲ ಎಂಬ ಭ್ರಮೆ ಇರುತ್ತದಲ್ಲ, ಆ ಭ್ರಮೆಗೆ ಜೋತುಬಿದ್ದ. ಅಂತೂ ಟವರ್‌ಗೆ ಫೋನ್ ಮಾಡಿದಾಗ ಒಂಬತ್ತು ಮೂವತ್ತೈದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸುದ್ದಿ ರೇಡಿಯೋದಲ್ಲಿ ಮಿಸ್ಟರ್ ಕೋಗೆ ತಲುಪಿತು. ಅಷ್ಟರಲ್ಲಿ ಅವರ ಕೈಯಲ್ಲಿ ವಿಮಾನದ ಮೂಗು ಏರಿಸಿ ಇಳಿಸುವ ಸ್ಟಿಕ್ ಬಿಗಿಯಾಗತೊಡಗಿತ್ತು. ಕೆಳಗೆ ಬಾತು ಪಹಾತ್ ಕಡೆಯ ತಾಳೆತೋಟ, ಹತ್ತಿರದಲ್ಲಿ ಯಾವ ರನ್‌ವೇಯೂ ಇಲ್ಲ. ಎಂಜಿನ್ ತಗ್ಗಿಸಿ, ತೋಟದ ನಡುವಿನ ಮಣ್ಣುದಾರಿಗೆ ಹೇಗೋ ಇಳಿಸಲು ನೋಡಿದರು. ಮೂಗು ಮೇಲೇಳಲಿಲ್ಲ. ಮಿಸೆಸ್ ಕೋ ಅಲ್ಲೇ ಹೋದರು. ಮಿಸ್ಟರ್ ಕೋ ಉಳಿದರು.

ತನಿಖೆಯವರು ಬರುವ ಮೊದಲು ಮಹಾಬಲೇಶ್ವರ ಪ್ರಭುದೇವನನ್ನು ಬದಿಗೆ ಕರೆದರು. "ಗೊತ್ತಾದ ತಕ್ಷಣ ಫೋನ್ ಮಾಡಿದ್ವಿ ಅಂತ ಹೇಳೋಣ. ಒಂಬತ್ತು ಮೂವತ್ತೈದು. ಬಾರ್ ಉಳಿದಿದ್ದು ತಪ್ಪು, ಒಪ್ಕೊಳ್ಳೋಣ. ಮಿಕ್ಕಿದ್ದು ಯಾರಿಗೂ ಬೇಡ." ಪ್ರಭುದೇವ ಹಾಗೆಯೇ ಬರೆದುಕೊಟ್ಟ. ಸುರೇಖಾ ಅಂದಿನಿಂದ ಅವನ ತಟ್ಟೆಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಹತ್ತನೆಯ ದಿನ ಅವನು ಆಸ್ಪತ್ರೆಗೆ ಹೋದ. ಮಿಸ್ಟರ್ ಕೋ ಎರಡೂ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಬೈಯುತ್ತಾರೆ, ಮುಖಕ್ಕೆ ಉಗಿಯುತ್ತಾರೆ ಎಂದುಕೊಂಡು ಹೋದವನ ಕೈಯನ್ನು ಮುದುಕರು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಎಲ್ಲರಿಂದಲೂ ತಪ್ಪಾಗುತ್ತೆ," ಎಂದರು, ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಆದರೆ ಬೇರೆಯವನಾಗಿದ್ದರೆ ಮುಚ್ಚಿಡುತ್ತಿದ್ದ. ನೀನು ಗೊತ್ತಾದ ಕೂಡಲೇ ಫೋನ್ ಮಾಡಿದೆ. ನಾನು ಬದುಕಿರುವುದು ಅದರಿಂದ."

ಆ ಕೈಗಳು ಬೆಚ್ಚಗಿದ್ದವು. ಪ್ರಭುದೇವನಿಗೆ ಅದೊಂದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಲೈಸೆನ್ಸು, ಸಿಂಗಪುರದಲ್ಲಿ ದುಡಿಯಲು ಕೊಟ್ಟ ಪಾಸು, ಸುಳ್ಳು ಬರೆದುಕೊಟ್ಟಿದ್ದಕ್ಕೆ ಆಗಬಹುದಾದ ಜೈಲು, ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋದವು.

"ಮಿಸ್ಟರ್ ಕೋ, ನನಗೆ ಒಂಬತ್ತು ಹತ್ತಕ್ಕೇ ಗೊತ್ತಾಗಿತ್ತು."

ಮುದುಕರು ಹಿಡಿದ ಕೈ ಬಿಡಲಿಲ್ಲ. ಅದನ್ನು ಹಿಡಿದಿದ್ದೇನೆಂಬುದೇ ಅವರಿಗೆ ಮರೆತಂತಿತ್ತು.

"ಒಂಬತ್ತು ಹತ್ತಕ್ಕೆ ಸೆನಾಯ್ ಏರ್‌ಪೋರ್ಟ್ ನಮ್ಮ ಎಡಕ್ಕಿತ್ತು," ಎಂದರು ಕೊನೆಗೆ. "ಎಷ್ಟು ಉದ್ದದ ರನ್‌ವೇ ನೋಡಿ, ಇಲ್ಲೇ ಇಳಿದು ಒಂದು ಕಾಫಿ ಕುಡಿದು ಹೋಗೋಣವಾ ಅಂತ ಅವಳು ಕೇಳಿದಳು. ನಾನು ಬೇಡ ಅಂದೆ."