ಸರ್ವೋತ್ತಮ ರೈಗಳ ಸಿನೆಮಾ ಹರಾಜು

ಸುಳ್ಯದ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೌಸಲ್ಯಾ ಯಾರದ್ದೋ ವಿದ್ಯಾರ್ಥಿವೇತನದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿಸುತ್ತಿದ್ದಳು. ಸರದಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದಳು.

"ಕೌಸಲ್ಯಕ್ಕ, ಇದು ನಿಮ್ಮ ಮೊದಲಿನ ದಣಿಗಳ ಮಗಳಲ್ವಾ?"

ಹೌದು, ಸರ್ವೋತ್ತಮ ರೈಗಳ ಮಗಳು ನಿಖಿತಾ. ಪುತ್ತೂರಿನ ಕಾಲೇಜೊಂದರಲ್ಲಿ ಪಾಠ ಹೇಳುವವಳು. ವಿಡಿಯೋದಲ್ಲಿ ಅವಳ ಹಿಂದೆ ಸಿನೆಮಾ ಕ್ಯಾಸೆಟ್ಟು, ಡಿಸ್ಕುಗಳ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿದ್ದವು.

"ನನ್ನ ಅಪ್ಪ ಇಪ್ಪತ್ತೆರಡು ವರ್ಷ ವಿಡಿಯೋ ಲೈಬ್ರರಿ ನಡೆಸಿದರು. ನಾಲ್ಕು ಸಾವಿರ ಸಿನೆಮಾ, ಎಲ್ಲ ಒರಿಜಿನಲ್. ಪ್ರತಿ ಆದಿತ್ಯವಾರ ಅಪ್ಪನೂ ನಾನೂ ಒಟ್ಟಿಗೆ ಕೂತು ಹೊಸ ಸಿನೆಮಾ ನೋಡಿ, ಯಾವುದು ಯಾರಿಗೆ ಹಿಡಿಸುತ್ತದೆ ಅಂತ ಮಾತಾಡುತ್ತಿದ್ದೆವು. ಅದರ ಗುರುತಿಗೆ ಡಬ್ಬದ ಮೇಲೆ ಉಗುರಿನ ಬಣ್ಣದ ಚುಕ್ಕೆ ಇಡುತ್ತಿದ್ದೆವು. ಈಗ ಐವತ್ತರ ಒಂದೊಂದು ಪೆಟ್ಟಿಗೆಯನ್ನು ಆನ್‌ಲೈನ್ ಹರಾಜಿಗೆ ಇಡುತ್ತಿದ್ದೇನೆ..."

ಕೌಸಲ್ಯಾ ಮೊಬೈಲನ್ನು ಹಿಂದಕ್ಕೆ ಕೊಟ್ಟಳು. "ಹೌದು, ಅವರೇ," ಎಂದಳು. ಆಮೇಲೆ ಅರ್ಜಿಯಲ್ಲಿ ಹುಟ್ಟಿದ ದಿನಾಂಕವನ್ನು ಎರಡು ಸಲ ತಪ್ಪು ಬರೆದಳು.

ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದ ಹತ್ತೊಂಬತ್ತರ ಹುಡುಗಿಯಾಗಿ ಅವಳು ಆ ಲೈಬ್ರರಿಗೆ ಸೇರಿದ್ದು. ಅಂಗಡಿ ಮುಚ್ಚುವ ದಿನದವರೆಗೂ ಕೌಂಟರಿನಲ್ಲಿದ್ದವಳು ಅವಳೇ. ಹೊಸ ಸಿನೆಮಾಗಳ ಕಟ್ಟು ಬಂದರೆ ಸೋಮವಾರ ಬೆಳಿಗ್ಗೆ ಶಟರನ್ನು ಅರ್ಧ ಇಳಿಸಿ, ದೋಷವಿದೆಯೋ ಎಂದು ಹಾಕಿ ನೋಡುವುದು ಕ್ರಮ. ರೈಗಳು ಮಾತು ಕಡಿಮೆಯ ಮನುಷ್ಯ. ಒಂದು ಸಿನೆಮಾ ಮುಗಿದಾಗ, "ಇದನ್ನು ಯಾರಿಗೆ ಕೊಡುದು?" ಎಂದಷ್ಟೇ ಕೇಳುವರು. "ಜಾಲ್ಸೂರಿನ ಟೀಚರಿಗೆ. ಅವರಿಗೆ ಅಳ್ಲಿಕ್ಕೆ ಬೇಕು," ಎನ್ನುವಳು ಕೌಸಲ್ಯಾ. ರೈಗಳು ತಲೆಯಾಡಿಸುವರು. ಅವಳು ತನ್ನ ಉಗುರಿನ ಬಣ್ಣದ ಬಾಟಲಿ ತೆಗೆದು, ಒಂದೊಂದು ಬಗೆಗೆ ಒಂದೊಂದು ಬಣ್ಣದಂತೆ ಚುಕ್ಕೆ ಇಡುವಳು. ಪರೀಕ್ಷೆ ಪಾಸಾಗದವಳಿಗೆ ಆ ತಲೆಯಾಡಿಸುವಿಕೆ ಒಂದು ಸರ್ಟಿಫಿಕೇಟಿನ ಹಾಗಿತ್ತು. ಪೇಟೆಯಲ್ಲಿ ಕೆಲವರು ಬೇರೆ ಥರ ಮಾತಾಡಿದರು. ಮಾತಾಡುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಸೋಮವಾರಗಳು ಮಾತ್ರ.

ಲೈಬ್ರರಿ ಮುಚ್ಚಿದ ಮೇಲೆ ಸಿನೆಮಾಗಳೆಲ್ಲ ಮೂಸಕುಂಞಿಯವರ ಕಟ್ಟಡದ ಮಾಳಿಗೆಯಲ್ಲಿ ಹತ್ತು ವರ್ಷ ಬಿದ್ದಿದ್ದವು. ಹೋದ ವರ್ಷ ರೈಗಳು ತೀರಿಹೋದರು. ಈಗ ಮೂಸಕುಂಞಿ ಕಟ್ಟಡ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದರಿಂದ ನಿಖಿತಾ ಎಲ್ಲವನ್ನೂ ಪುತ್ತೂರಿಗೆ ಸಾಗಿಸಿಕೊಂಡಿದ್ದಳು. ಕೌಸಲ್ಯಾಳಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಅಂದು ಸಂಜೆ ಅರಂತೋಡಿನ ಮನೆಯಲ್ಲಿ ಅವಳು ಹರಾಜಿನ ಪುಟ ತೆರೆದು ಕೂತಳು. ಮೊದಲ ಪೆಟ್ಟಿಗೆ ಚೆನ್ನೈಯವರೊಬ್ಬರಿಗೆ ಹೋಗಿತ್ತು, ಎರಡನೆಯದು ಧಾರವಾಡಕ್ಕೆ. ಎಷ್ಟಕ್ಕೆ ಹೋಯಿತೆಂದು ಅವಳು ನೋಡಲಿಲ್ಲ. ಓದಿದ್ದು ಕೆಳಗಿನ ಮಾತುಗಳನ್ನು. 'ಎಂಥ ಅಪ್ಪ! ಎಂಥ ಮಗಳು!' 'ಅದೃಷ್ಟವಂತೆ ನೀವು.' 'ಆ ಆದಿತ್ಯವಾರಗಳ ಬಗ್ಗೆ ಇನ್ನಷ್ಟು ಬರೆಯಿರಿ.' ನಿಖಿತಾ ಬರೆಯುತ್ತಲೂ ಇದ್ದಳು. ಅಪ್ಪ ಹೇಗೆ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದರು, ಹೇಗೆ ಒಂದೇ ಮಾತು ಕೇಳುತ್ತಿದ್ದರು: ಇದನ್ನು ಯಾರಿಗೆ ಕೊಡುವುದು?

ಅದನ್ನು ಓದಿದಾಗ ಕೌಸಲ್ಯಾಳ ಎದೆಯಲ್ಲಿ ಹಸಿಮೆಣಸು ಅರೆದಂತಾಯಿತು. ಹಾಗೆ ಅವರು ಕೇಳಿದ್ದು ತನ್ನಲ್ಲಿ. ಈ ಹುಡುಗಿ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನಾಲ್ಕು ಸಲಕ್ಕಿಂತ ಹೆಚ್ಚು ಅವಳು ಕಂಡಿರಲಿಲ್ಲ.

"ಎಂತ ಆಯ್ತು ನಿಂಗೆ?" ಕೇಳಿದ ಗಂಡ ಅಚ್ಚುತ. ಅವನು ಬಾಡಿಗೆಗೆ ಜೀಪು ಓಡಿಸುವವನು. "ಸಾರಿಗೆ ಉಪ್ಪು ಹಾಕ್ಲಿಲ್ಲ."

"ಏನೂ ಇಲ್ಲ. ನೀವೇ ಹಾಕಿಕೊಳ್ಳಿ."

ದಿನಕ್ಕೆ ಇಪ್ಪತ್ತು ಜನರ ಅರ್ಜಿ ತುಂಬಿಸುವವಳಿಗೆ ಒಂದು ಖಾತೆ ತೆರೆಯುವುದು ಎಷ್ಟರ ಕೆಲಸ? 'ತುಳುನಾಡಿನ ಪ್ರೇಕ್ಷಕ' ಎಂದು ಹೆಸರು ಕೊಟ್ಟಳು. ಮರುದಿನ ಸಂಜೆ ಆರಕ್ಕೆ ಐದನೇ ಪೆಟ್ಟಿಗೆಯ ಹರಾಜು ಮುಗಿಯುವುದಿತ್ತು. ಕೊನೆಯ ನಿಮಿಷದಲ್ಲಿ ಎಲ್ಲರಿಗಿಂತ ಮೇಲೆ ಬಿಡ್ ಹಾಕಿದಳು. ಪೆಟ್ಟಿಗೆ ಅವಳ ಹೆಸರಿಗೆ ಬಂತು. ಹಣ ಕಟ್ಟಲಿಲ್ಲ. ನಿಖಿತಾ ಒಂದು ವಾರ ಕಾದು ಅದನ್ನು ಮತ್ತೆ ಹರಾಜಿಗೆ ಇಡಬೇಕಾಯಿತು. ಎಂಟನೆಯದಕ್ಕೂ ಹನ್ನೊಂದನೆಯದಕ್ಕೂ ಕೌಸಲ್ಯಾ ಬೇರೆ ಬೇರೆ ಹೆಸರಿನಲ್ಲಿ ಹಾಗೆಯೇ ಮಾಡಿದಳು. ಪುಟದ ಕೆಳಗೆ ಈಗ ಬೇರೆ ಮಾತುಗಳು ಬಂದವು. 'ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸುತ್ತಿದ್ದಾರೆ.' 'ಇಲ್ಲಿ ನಾನಿನ್ನು ಕೊಳ್ಳುವುದಿಲ್ಲ.'

ಅದನ್ನು ಓದಿ ಅವಳಿಗೆ ಖುಷಿಯಾದದ್ದು ನಿಜ. ಆದರೆ ಆ ಖುಷಿ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ, ಹುಳಿಯಾಗುತ್ತಿತ್ತು. ಮತ್ತೆ ಪುಟ ತೆರೆದು ಹೊಸ ಬೈಗುಳ ಹುಡುಕುವಳು.

ಹದಿನೇಳನೇ ಪೆಟ್ಟಿಗೆ ಬಂದಾಗ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಅದರಲ್ಲಿದ್ದ ಐವತ್ತಕ್ಕೂ ಹಳದಿ ಚುಕ್ಕೆ. 'ಅಪ್ಪ ನಗಿಸುವ ಸಿನೆಮಾಗಳಿಗೆ ಹಳದಿ ಚುಕ್ಕೆ ಇಡುತ್ತಿದ್ದರು. ಮಕ್ಕಳ ರಜೆಗೆ ಹೇಳಿ ಮಾಡಿಸಿದ ಪೆಟ್ಟಿಗೆ,' ಎಂದು ನಿಖಿತಾ ಬರೆದಿದ್ದಳು. ಹುಬ್ಬಳ್ಳಿಯ ತಾಯಿಯೊಬ್ಬಳು ತನ್ನ ಇಬ್ಬರು ಮಕ್ಕಳಿಗೆಂದು ಹೇಳಿ ಬಿಡ್ ಹಾಕುತ್ತ ಹೋಗುತ್ತಿದ್ದಳು.

ಕೌಸಲ್ಯಾ ಜೆರಾಕ್ಸ್ ಅಂಗಡಿಯಲ್ಲೇ ಕೂತು ಟೈಪ್ ಮಾಡಿದಳು: 'ಹಳದಿ ಚುಕ್ಕೆ ಅಂದರೆ ಮಕ್ಕಳಿಗೆ ಕೊಡಬಾರದ್ದು ಅಂತ. ಮಕ್ಕಳು ಮಲಗಿದ ಮೇಲೆ ದೊಡ್ಡವರು ನೋಡುವಂಥದ್ದು. ನಗಿಸುವುದಕ್ಕೆ ಇದ್ದದ್ದು ಗುಲಾಬಿ. ಗೊತ್ತಿಲ್ಲದವರು ಬರೆಯಬಾರದು.'

ಕೊನೆಯ ವಾಕ್ಯ ಬೇಕಿರಲಿಲ್ಲ. ಕೈ ತಡೆಯಲಿಲ್ಲ.

ಆ ಆದಿತ್ಯವಾರ ಮಧ್ಯಾಹ್ನ ಮನೆಯೆದುರು ಒಂದು ಬಿಳಿ ಕಾರು ನಿಂತಿತು. ಅಚ್ಚುತ ಅಂಗಳದಲ್ಲಿ ಜೀಪು ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿ, "ಯಾರು? ಹೋ, ರೈಗಳ ಮಗಳಾ? ಬನ್ನಿ, ಬನ್ನಿ," ಎಂದ. ನಿಖಿತಾ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಕಣ್ಣು ಥೇಟ್ ಅಪ್ಪನದ್ದು. ಅದು ಕೂಡ ಕೌಸಲ್ಯಾಳಿಗೆ ಸಹಿಸಲಾಗಲಿಲ್ಲ.

"ಹಳದಿ ಚುಕ್ಕೆ ಎಂತಕ್ಕೆ ಅಂತ ಗೊತ್ತಿರುವವರು ಇಬ್ಬರೇ," ಎಂದಳು ನಿಖಿತಾ. "ಅದರಲ್ಲಿ ಒಬ್ಬರು ಈಗ ಇಲ್ಲ."

"ಬರೆದದ್ದು ನಾನೇ."

"ಒಳ್ಳೇದಾಯ್ತು ಬರೆದದ್ದು. ಆ ಹುಬ್ಬಳ್ಳಿಯವರ ಹತ್ರ ಕ್ಷಮೆ ಕೇಳಿದೆ. ಅದನ್ನು ಹೇಳಿ ಹೋಗುವ ಅಂತಲೇ ಬಂದದ್ದು."

ಹುಡುಗಿ ಜಗಳಕ್ಕೆ ಬಂದಿದ್ದರೆ ಕೌಸಲ್ಯಾ ಜಗಳವಾಡುತ್ತಿದ್ದಳು. ಈ ಮೆತ್ತನೆಯ ಮಾತಿಗೆ ಅವಳ ಬಾಯಿಂದ ಬಂದದ್ದು ಬೇರೆಯೇ.

"ಬಿಡ್ ಹಾಕಿ ಹಣ ಕಟ್ಟದವಳೂ ನಾನೇ. ಮೂರು ಸಲ."

ನಿಖಿತಾಳ ಮುಖ ಬಿಳಿಚಿತು. "ಅದೂ ನೀವೇಯಾ?"

"ಹೌದು."

"ನನ್ನನ್ನು ಎಲ್ಲರೂ ಕಳ್ಳಿ ಅಂತ ಬರೀತಾ ಇದ್ದಾರೆ, ಗೊತ್ತುಂಟಾ ನಿಮಗೆ? ಹರಾಜಿನ ಸೈಟಿನವರು ಖಾತೆ ಮುಚ್ಚುವ ನೋಟೀಸು ಕೊಟ್ಟಿದ್ದಾರೆ. ನಾನು ನಿಮಗೆ ಎಂತ ಮಾಡಿದ್ದೆ?"

"ಆದಿತ್ಯವಾರ ಅಪ್ಪನ ಒಟ್ಟಿಗೆ ಕೂತು ನೀವು ಎಷ್ಟು ಸಿನೆಮಾ ನೋಡಿದ್ದೀರಿ? ಹೇಳಿ ನೋಡುವ."

ಹೊರಗೆ ಬಕೆಟಿನ ಸದ್ದು ನಿಂತಿತ್ತು. ಅಚ್ಚುತ ಕೇಳಿಸಿಕೊಳ್ಳುತ್ತಿದ್ದ.

"ಒಂದೂ ಇಲ್ಲ," ಎಂದಳು ನಿಖಿತಾ.

ಅವಳೇ ಮುಂದುವರಿಸಿದಳು. "ನಾನು ಎಂಟನೇ ಕ್ಲಾಸಿನಲ್ಲಿರುವಾಗ ಒಂದು ಸೋಮವಾರ ಶಾಲೆಗೆ ರಜೆ ಇತ್ತು. ಅಂಗಡಿಗೆ ಬಂದೆ. ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದ್ರೆ ಅಪ್ಪ ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ದಾರೆ. ನೀವೂ. ಮನೆಯಲ್ಲಿ ಅವರು ಹಾಗೆ ನಗುದನ್ನು ನಾನು ನೋಡಿಯೇ ಇರ್ಲಿಲ್ಲ. ಒಳಗೆ ಬರ್ಲಿಲ್ಲ, ವಾಪಸ್ ಹೋದೆ. ಊಟಕ್ಕೆ ಕೂತ್ರೆ ಅವರದ್ದು ಒಂದೇ ಮಾತು, ಕೌಸಲ್ಯಾ ಹೀಗೆ ಹೇಳಿದಳು, ಕೌಸಲ್ಯಾ ಹಾಗೆ ಹೇಳಿದಳು. ನಾನು ಪರೀಕ್ಷೆಯಲ್ಲಿ ಫಸ್ಟ್ ಬಂದದ್ದನ್ನು ಹೇಳ್ಲಿಕ್ಕೆ ಜಾಗವೇ ಇರ್ಲಿಲ್ಲ. ನಿಮ್ಮ ಹೆಸರು ಕೇಳಿದ್ರೆ ನಂಗೆ ಮೈ ಉರಿಯುದು."

ಆ ಮಗು ಅಂಗಡಿಗೆ ಬಾರದಿದ್ದದ್ದು ದಣಿಗಳ ಮಗಳೆಂಬ ಗತ್ತಿನಿಂದ ಎಂದು ಕೌಸಲ್ಯಾ ಇಷ್ಟು ವರ್ಷ ತಿಳಿದಿದ್ದಳು.

"ಅದು ಡಿಸ್ಕು ಸಿಕ್ಕಿಹಾಕಿಕೊಂಡದ್ದು," ಎಂದಳು. "ವಿಲನ್ ಒಂದೇ ಮಾತನ್ನು ಇಪ್ಪತ್ತು ಸಲ ಹೇಳಿದ. ನಗುದಕ್ಕೆ ಅಷ್ಟೇ ಕಾರಣ. ನೀವು ಒಳಗೆ ಬರಬಹುದಿತ್ತು."

"ಕರೆಯಬಹುದಿತ್ತು ಯಾರಾದ್ರೂ."

ಅಚ್ಚುತ ಒದ್ದೆ ಕೈ ಒರೆಸುತ್ತ ಬಾಗಿಲಲ್ಲಿ ಬಂದು ನಿಂತ. "ಅಲ್ಲ ಮಾರಾಯ್ರೆ, ಇಲ್ಲದ ಮನುಷ್ಯನ ಪಾಲಿಗೆ ಇಬ್ಬರು ಜಗಳ ಮಾಡುದಾ? ನಾನು ಚಾ ಮಾಡ್ತೇನೆ," ಎಂದು ಒಳಗೆ ನಡೆದ. ಮದುವೆಯಾದಂದಿನಿಂದ ಆ ಲೈಬ್ರರಿಯ ಬಗ್ಗೆ ಅವನು ಆಡಿದ ಅತಿ ಉದ್ದದ ಮಾತು ಅದು.

ಚಾ ಕುಡಿಯುತ್ತ ನಿಖಿತಾ ಕೇಳಿದಳು. ಇನ್ನೂ ಅರುವತ್ತು ಪೆಟ್ಟಿಗೆ ಉಳಿದಿವೆ, ವಿವರ ಬರೆಯಲು ತನಗೆ ಬರುವುದಿಲ್ಲ, ಪುತ್ತೂರಿಗೆ ಬರುತ್ತೀರಾ? ಸುಳ್ಳು ಬಿಡ್ಡಿನ ಮಾತನ್ನು ತಾನು ಯಾರಿಗೂ ಹೇಳುವುದಿಲ್ಲ.

"ನಾನೇ ಹೇಳ್ತೇನೆ ಸೈಟಿನವರಿಗೆ. ಆದ್ರೆ ಆ ಆದಿತ್ಯವಾರದ ವಿಡಿಯೋ ತೆಗೀರಿ."

ನಿಖಿತಾ ಲೋಟ ಕೆಳಗಿಟ್ಟಳು. "ಅದು ಮಾತ್ರ ಆಗುದಿಲ್ಲ. ನಿಮ್ಮ ಹೆಸರು ಎಲ್ಲಿ ಬೇಕಾದ್ರೂ ಹಾಕ್ತೇನೆ. ಅಪ್ಪನ ಒಟ್ಟಿಗೆ ನಂಗಿರುವ ಆದಿತ್ಯವಾರ ಅದೊಂದೇ."

"ಅದು ಸುಳ್ಳಲ್ವಾ?"

"ಸುಳ್ಳೇ."

ಕೌಸಲ್ಯಾ ಒಪ್ಪಲಿಲ್ಲ. ಕಾರು ಹಾಗೆಯೇ ಹಿಂದೆ ಹೋಯಿತು. ಒಂದು ವಾರ ಅವಳು ತನ್ನೊಳಗೇ ವಾದ ಮಾಡಿದಳು. ಸೋಮವಾರಗಳು ತನ್ನವು. ಅವನ್ನು ಹೆಸರು ಬದಲಾಯಿಸಿ ಆದಿತ್ಯವಾರ ಮಾಡಿಕೊಂಡರೆ ಅದು ಕಳವು. ಆದರೆ ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿದ ಆ ಮುಖ ಕಣ್ಣಿಗೆ ಬರುತ್ತಿತ್ತು. ತನ್ನ ಸೋಮವಾರಗಳು ಇನ್ನೊಬ್ಬರ ಪಾಲಿನವೂ ಆಗಿದ್ದವೆಂದು ಮೊದಲ ಸಲ ಹೊಳೆದು ಅವಳಿಗೆ ನಾಚಿಕೆಯಾಯಿತು. ಶನಿವಾರ ಸೈಟಿನವರಿಗೆ ತಪ್ಪೊಪ್ಪಿಗೆ ಬರೆದು ಕಳಿಸಿ, ಪುತ್ತೂರಿನ ಬಸ್ಸು ಹತ್ತಿದಳು. ವಿಡಿಯೋದ ಮಾತು ಮತ್ತೆ ಎತ್ತಲಿಲ್ಲ.

ಎರಡು ತಿಂಗಳು ಪ್ರತಿ ಶನಿವಾರ, ಆದಿತ್ಯವಾರ ಹಾಗೆ ನಡೆಯಿತು. ಕೌಸಲ್ಯಾ ಪ್ರತಿ ಪೆಟ್ಟಿಗೆ ಬಿಚ್ಚಿ, ಶಿಲೀಂಧ್ರ ಹಿಡಿದ ಕ್ಯಾಸೆಟ್ಟುಗಳನ್ನು ಬೇರೆಯಿಟ್ಟು, ಡಿಸ್ಕುಗಳ ಗೀರು ನೋಡಿ ವಿವರ ಹೇಳುವಳು, ನಿಖಿತಾ ಬರೆಯುವಳು. 'ವಿವರ: ಕೌಸಲ್ಯಾ' ಎಂದು ಪ್ರತಿಯೊಂದರ ಕೆಳಗೂ ಹೆಸರು ಬಿತ್ತು. ಸೈಟಿನವರು ನೋಟೀಸು ಹಿಂದಕ್ಕೆ ಪಡೆದರು, ಬಿಟ್ಟು ಹೋದವರು ಒಬ್ಬೊಬ್ಬರಾಗಿ ಮರಳಿದರು. ಈಗ ಪ್ರಶ್ನೆಗಳೆಲ್ಲ 'ಕೌಸಲ್ಯಾ ಮೇಡಂ' ಎಂದೇ ಬರತೊಡಗಿದವು. ಆಗ ನಿಖಿತಾಳ ತುಟಿ ಬಿಗಿಯಾಗುವುದನ್ನು ಕೌಸಲ್ಯಾ ಗಮನಿಸಿದಳು. ಸ್ವಲ್ಪ ಹಿತವಾಯಿತು ಎಂಬುದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ಕೆಲವು ದಿನ ಇಬ್ಬರೂ ಮಾತಿಲ್ಲದೆ ಪ್ಯಾಕ್ ಮಾಡಿದರು. ಇನ್ನು ಕೆಲವು ದಿನ ನಿಖಿತಾ ಕೇಳುವಳು, "ಅಪ್ಪ ಇದಕ್ಕೆ ಎಂತ ಹೇಳಿದ್ರು?" ಕೌಸಲ್ಯಾ ಒಮ್ಮೆ ಹೇಳುವಳು, ಒಮ್ಮೆ "ನೆನಪಿಲ್ಲ" ಎನ್ನುವಳು. ನೆನಪಿಲ್ಲದೆ ಅಲ್ಲ. ಕೆಲವನ್ನು ಕೊಡಲು ಮನಸ್ಸಾಗಲಿಲ್ಲ.

ಕೊನೆಗೆ ಉಳಿದ ಆರುನೂರನ್ನು ಒಂದೇ ಗಂಟಾಗಿ ಹರಾಜಿಗೆ ಇಟ್ಟರು. ಅದನ್ನು ಗೆದ್ದವರು ದೂರದವರಲ್ಲ, ಕಾಣಿಯೂರಿನ ಝೈನಬ. ಅರುವತ್ತು ದಾಟಿದ ಹೆಂಗಸು. ತಾವೇ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತು ಸಾಮಾನು ಒಯ್ಯಲು ಬಂದರು.

"ನಾನು ಜೀವಮಾನದಲ್ಲಿ ಒಂದು ಸಿನೆಮಾ ಪೂರ್ತಿ ನೋಡಿದ್ದಿಲ್ಲ," ಎಂದರು ಅವರು ಬೆವರು ಒರೆಸುತ್ತ. "ಮೊದಲು ಅಪ್ಪ ಬಿಡ್ಲಿಲ್ಲ, ಆಮೇಲೆ ಪುರುಸೊತ್ತು ಬಿಡ್ಲಿಲ್ಲ. ಈಗ ದಿನಕ್ಕೆ ಒಂದು ಅಂತ ಲೆಕ್ಕ. ಪ್ಲೇಯರೂ ತಗೊಂಡೆ. ಒಂದೂವರೆ ವರ್ಷಕ್ಕೆ ಸಾಕಲ್ವಾ? ಮೊದಲು ಯಾವುದು ನೋಡುದು, ಹೇಳಿ."

ನಿಖಿತಾಳೂ ಕೌಸಲ್ಯಾಳೂ ಒಟ್ಟಿಗೆ ಬಾಯಿ ತೆರೆದರು. ಒಬ್ಬಳು ಒಂದು ಹೆಸರು ಹೇಳಿದಳು, ಇನ್ನೊಬ್ಬಳು ಇನ್ನೊಂದು.

"ಎರಡೂ ಮೇಲೆಯೇ ಇಡಿ," ಎಂದು ಝೈನಬ ನಕ್ಕರು.

ಪಿಕಪ್ಪು ಗೇಟು ದಾಟಿ ಕಡಬದ ದಾರಿ ಹಿಡಿಯಿತು. ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

"ಒಂದನ್ನೂ ನೋಡಿದ್ದಿಲ್ಲ ಅಂತೆ," ಎಂದಳು ಕೌಸಲ್ಯಾ. "ಆರುನೂರೂ ಹೊಸತು. ಎಂಥ ಭಾಗ್ಯ ನೋಡಿ. ನಾನೂ ಎಷ್ಟೋ ಸಿನೆಮಾ ಅರ್ಧ ನೋಡಿದ್ದು. ಯಾರಾದ್ರೂ ಗಿರಾಕಿ ಬರುದು, ಏಳ್ಬೇಕು."

"ಹೊಟ್ಟೆಕಿಚ್ಚಾಗ್ತದಾ?"

"ಆಗದೆ ಇರ್ತದಾ?"

"ನಂಗೂ," ಎಂದು ನಿಖಿತಾ ಖಾಲಿ ಕೋಣೆ ಗುಡಿಸಲು ಹಿಡಿಸೂಡಿ ತರಲು ಒಳಗೆ ಹೋದಳು. ಕೌಸಲ್ಯಾ ಸೆರಗು ಸಿಕ್ಕಿಸಿಕೊಂಡು ಉಳಿದ ರಟ್ಟಿನ ಚೂರುಗಳನ್ನು ಹೆಕ್ಕತೊಡಗಿದಳು.